ಮೇರಿ ಲೀಕಿ: ಮೂಳೆಯ ಚೂರುಗಳಿಂದ ಮುಖ ಕಟ್ಟಿದವರು

ವಿಕಾಸದ ಪಾಠ ಬಂದಾಗಲೆಲ್ಲ ದ್ವಿತೀಯ ಪಿಯುಸಿ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಮನುಷ್ಯ ಮಂಗನಿಂದ ಬಂದಿದ್ದರೆ ಮಂಗಗಳು ಇನ್ನೂ ಯಾಕೆ ಇವೆ? ಕೇಳಿದವರು ನಗುತ್ತಾರೆ, ಕೇಳಿಸಿಕೊಂಡವರೂ ನಗುತ್ತಾರೆ. ಆಮೇಲೆ ಡ್ರಯೋಪಿಥೆಕಸ್, ರಾಮಾಪಿಥೆಕಸ್ ಎಂಬ ಎರಡು ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಎಲ್ಲರೂ ಮುಂದಿನ ಪಾಠಕ್ಕೆ ಹೋಗುತ್ತೇವೆ. ಆದರೆ ಆ ಹೆಸರುಗಳು ಆಕಾಶದಿಂದ ಬಿದ್ದವಲ್ಲ. ಒಂದೊಂದರ ಹಿಂದೆಯೂ ಒಂದು ಹಲ್ಲೋ ದವಡೆಯೋ ತಲೆಬುರುಡೆಯೋ ಇದೆ. ಅದನ್ನು ಬಿಸಿಲಿನಲ್ಲಿ ಮಂಡಿಯೂರಿ ಹೆಕ್ಕಿ ತಂದ ಮನುಷ್ಯರಿದ್ದಾರೆ.

ಈ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡು ಎಂದು ನಮ್ಮ ಜೀವಶಾಸ್ತ್ರದ ಮೇಡಂ ಹೇಳಿದಾಗ ನಾನು ಮೇರಿ ಲೀಕಿ ಅವರನ್ನು ಆರಿಸಿಕೊಂಡೆ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಅವರು ಹುಡುಕಿದ ಒಂದು ಪುಟ್ಟ ತಲೆಬುರುಡೆ ಮೇಲಿನ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. ಎರಡನೆಯದು, ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳು ಕರೆದು ಗೌರವಿಸಿದ ಈ ಮಹಿಳೆ ತಮ್ಮ ಜೀವನದಲ್ಲಿ ಒಂದೇ ಒಂದು ಶಾಲಾ ಪರೀಕ್ಷೆಯನ್ನೂ ಪಾಸು ಮಾಡಿರಲಿಲ್ಲ. ಅಂಕಪಟ್ಟಿಯ ಚಿಂತೆಯಲ್ಲೇ ದಿನ ಕಳೆಯುವ ನಮಗೆ ಇದು ನಂಬಲು ಕಷ್ಟ, ಆದರೆ ನಿಜ.

ಮೇರಿ ಹುಟ್ಟಿದ್ದು 1913ರ ಫೆಬ್ರವರಿ 6ರಂದು, ಲಂಡನ್ನಿನಲ್ಲಿ. ಮದುವೆಗೆ ಮುಂಚಿನ ಹೆಸರು ಮೇರಿ ಡಗ್ಲಸ್ ನಿಕೋಲ್. ತಂದೆ ಅರ್ಸ್ಕಿನ್ ನಿಕೋಲ್ ನಿಸರ್ಗದ ಚಿತ್ರಗಳನ್ನು ಬರೆಯುವ ಕಲಾವಿದ. ಚಿತ್ರಕ್ಕಾಗಿ ಅವರು ಊರೂರು ಸುತ್ತುತ್ತಿದ್ದರು, ಹೆಂಡತಿ ಮತ್ತು ಒಬ್ಬಳೇ ಮಗಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಹೀಗೆ ಫ್ರಾನ್ಸಿನ ದೋರ್ದೋನ್ಯ್ ಪ್ರದೇಶಕ್ಕೆ ಹೋದಾಗ ಆ ಹುಡುಗಿಗೆ ಗುಹೆಗಳ ಪರಿಚಯವಾಯಿತು. ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಬರೆದ ಕುದುರೆ, ಕಾಡೆಮ್ಮೆಗಳ ಚಿತ್ರಗಳು ಆ ಭಾಗದ ಗುಹೆಗಳ ಗೋಡೆಯ ಮೇಲಿವೆ. ಅಲ್ಲಿ ಉತ್ಖನನ ಮಾಡುತ್ತಿದ್ದ ಒಬ್ಬ ಸಂಶೋಧಕರು ತಾವು ಎಸೆದ ಮಣ್ಣಿನ ರಾಶಿಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳನ್ನು ಇಟ್ಟುಕೊಳ್ಳಲು ತಂದೆ ಮಗಳಿಗೆ ಅನುಮತಿ ಕೊಟ್ಟಿದ್ದರು. ಮೇರಿ ಅವನ್ನು ಆಕಾರಕ್ಕೆ ತಕ್ಕಂತೆ ಬೇರೆ ಬೇರೆ ಗುಂಪು ಮಾಡಿ ಇಡತೊಡಗಿದರು. ಆಗ ಅವರಿಗೆ ಹನ್ನೆರಡು ವರ್ಷ. ಹೇಳಿಕೊಡುವವರು ಯಾರೂ ಇಲ್ಲದೆ ಮಾಡಿದ ಆ ವರ್ಗೀಕರಣವೇ ಅವರ ಮೊದಲ ವಿಜ್ಞಾನ.

1926ರಲ್ಲಿ, ಮೇರಿಗೆ ಹದಿಮೂರು ವರ್ಷವಾಗಿದ್ದಾಗ, ತಂದೆ ತೀರಿಕೊಂಡರು. ಜೊತೆಗೆ ಕೈಹಿಡಿದು ಗುಹೆ ತೋರಿಸಿದ ಮನುಷ್ಯ ಇಲ್ಲವಾದ. ತಾಯಿ ಮಗಳನ್ನು ಲಂಡನ್ನಿನ ಕಾನ್ವೆಂಟ್ ಶಾಲೆಗೆ ಸೇರಿಸಿದರು. ಊರೂರು ತಿರುಗಿ ಬೆಳೆದ ಹುಡುಗಿಗೆ ಬೆಂಚಿನ ಮೇಲೆ ಕೂರುವುದು ಒಗ್ಗಲಿಲ್ಲ. ಪದ್ಯ ಒಪ್ಪಿಸಲು ನಿರಾಕರಿಸಿದ್ದಕ್ಕೆ ಒಂದು ಶಾಲೆ ಹೊರಗೆ ಹಾಕಿತು. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬೇಕೆಂದೇ ಸ್ಫೋಟ ಮಾಡಿದ್ದಕ್ಕೆ ಇನ್ನೊಂದು ಶಾಲೆ ಹೊರಗೆ ಹಾಕಿತು. (ತಮ್ಮಂದಿರೇ, ಈ ಭಾಗವನ್ನು ಮಾತ್ರ ಯಾರೂ ಅನುಸರಿಸಬೇಡಿ!) ತಾಯಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದಾಗ, ಯಾವ ಪರೀಕ್ಷೆಯೂ ಪಾಸಾಗದ ಹುಡುಗಿ ಅರ್ಜಿ ಹಾಕುವುದೇ ವ್ಯರ್ಥ ಎಂಬ ಉತ್ತರ ಬಂತು.

ಅವರ ಬಳಿ ಉಳಿದಿದ್ದು ತಂದೆಯಿಂದ ಬಂದ ಎರಡು ಆಸ್ತಿಗಳು: ನೋಡುವ ಕಣ್ಣು ಮತ್ತು ಬಿಡಿಸುವ ಕೈ. ಲಂಡನ್ನಿನಲ್ಲಿ ಪುರಾತತ್ವದ ಉಪನ್ಯಾಸಗಳಿಗೆ ಹೋಗಿ ಕೂತು ಕೇಳಿದರು. ಉತ್ಖನನ ನಡೆಯುತ್ತಿದ್ದ ಕಡೆಗೆಲ್ಲ ಪತ್ರ ಬರೆದು ಕೆಲಸ ಕೇಳಿದರು. ಡೊರೊಥಿ ಲಿಡೆಲ್ ಎಂಬ ಪುರಾತತ್ವಜ್ಞೆ ಇಂಗ್ಲೆಂಡಿನ ಹೆಂಬರಿ ಎಂಬಲ್ಲಿ ಅವರನ್ನು ಸೇರಿಸಿಕೊಂಡರು. ಅಲ್ಲಿ ಸಿಕ್ಕ ಕಲ್ಲಿನ ಉಪಕರಣಗಳನ್ನು ಮೇರಿ ಬಿಡಿಸಿದ ರೀತಿಯನ್ನು ಕಂಡು, ಈಜಿಪ್ಟಿನ ಫಯೂಮ್ ಮರುಭೂಮಿಯಲ್ಲಿ ಕೆಲಸ ಮಾಡಿದ್ದ ಗರ್ಟ್ರೂಡ್ ಕೇಟನ್ ಥಾಂಪ್ಸನ್ ತಮ್ಮ ಪುಸ್ತಕದ ಚಿತ್ರಗಳನ್ನು ಅವರಿಗೇ ವಹಿಸಿದರು. ಕಲ್ಲಿನ ಉಪಕರಣದ ಚಿತ್ರ ಬಿಡಿಸುವುದೆಂದರೆ ಅಂದಕ್ಕಾಗಿ ಬಿಡಿಸುವುದಲ್ಲ. ಪ್ರತಿ ಏಟು ಯಾವ ಕಡೆಯಿಂದ ಬಿತ್ತು, ಯಾವ ಚಕ್ಕೆ ಮೊದಲು ಎದ್ದಿತು ಎಂಬುದು ಗೆರೆಯಲ್ಲಿ ಕಾಣಬೇಕು. ಬಿಡಿಸುವ ಮೊದಲು ಅರ್ಥ ಮಾಡಿಕೊಳ್ಳಲೇಬೇಕು.

ಕೇಟನ್ ಥಾಂಪ್ಸನ್ ಮೂಲಕವೇ 1933ರಲ್ಲಿ ಲೂಯಿ ಲೀಕಿ ಅವರ ಪರಿಚಯವಾಯಿತು. ಲೂಯಿ ಕೀನ್ಯಾದಲ್ಲಿ ಹುಟ್ಟಿ ಬೆಳೆದ ವಿಜ್ಞಾನಿ. ಮನುಷ್ಯನ ಮೂಲವನ್ನು ಆಫ್ರಿಕಾದಲ್ಲೇ ಹುಡುಕಬೇಕು ಎಂಬುದು ಅವರ ಹಟ. ತಮ್ಮ ಪುಸ್ತಕಕ್ಕೂ ಚಿತ್ರ ಬಿಡಿಸಿಕೊಡಿ ಎಂದು ಕೇಳಿದರು. 1936ರ ಡಿಸೆಂಬರಿನಲ್ಲಿ ಇಬ್ಬರೂ ಮದುವೆಯಾದರು, ಮೇರಿ ಪೂರ್ವ ಆಫ್ರಿಕಾದವರೇ ಆಗಿಬಿಟ್ಟರು. ಮುಂದೆ ಅವರಿಗೆ ಮೂರು ಗಂಡುಮಕ್ಕಳು. ಒಂದು ಹೆಣ್ಣುಮಗು ಹಸುಗೂಸಾಗಿದ್ದಾಗಲೇ ತೀರಿಕೊಂಡಿತು. ಗುಡಾರ, ನೀರಿನ ಕೊರತೆ, ಜ್ವರ, ಹಣದ ಅಭಾವ ಇವುಗಳ ನಡುವೆಯೇ ಮಕ್ಕಳೂ ಬೆಳೆದರು, ಕೆಲಸವೂ ನಡೆಯಿತು.

ಈಗ ಆ ತಲೆಬುರುಡೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು. ನಾವು ಮಂಗ ಎನ್ನುವ ಪದವನ್ನು ಎಲ್ಲದಕ್ಕೂ ಬಳಸುತ್ತೇವೆ, ವಿಜ್ಞಾನ ಹಾಗೆ ಬಳಸುವುದಿಲ್ಲ. ನಮ್ಮೂರಿನ ಬೆಟ್ಟ, ಬಸ್‌ಸ್ಟ್ಯಾಂಡುಗಳಲ್ಲಿ ಕಾಣುವ ಕೋತಿಗೆ ಬಾಲವಿದೆ, ಅದು ಮಂಗ. ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿಗಳಿಗೆ ಬಾಲವಿಲ್ಲ, ಅವು ವಾನರಗಳು. ಅದರಲ್ಲಿ ಗಿಬ್ಬನ್ ಬಿಟ್ಟು ಉಳಿದವನ್ನು ಮಹಾವಾನರಗಳು ಎನ್ನುತ್ತಾರೆ. ಈ ಲೇಖನದಲ್ಲಿ ನಾನೂ ಈ ಎರಡು ಪದಗಳನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳುತ್ತೇನೆ.

ಪಶ್ಚಿಮ ಕೀನ್ಯಾದ ಕೋರು ಎಂಬಲ್ಲಿ ಸಿಕ್ಕಿದ್ದ ಕೆಲವು ದವಡೆ, ಹಲ್ಲುಗಳನ್ನು ಪರೀಕ್ಷಿಸಿದ ಬ್ರಿಟಿಷ್ ಮ್ಯೂಸಿಯಂನ ಹಾಪ್‌ವುಡ್, 1933ರಲ್ಲಿ ಅವು ಪ್ರಾಚೀನ ವಾನರವೊಂದರವು ಎಂದು ತೀರ್ಮಾನಿಸಿ ಪ್ರೊಕಾನ್ಸುಲ್ ಎಂದು ಹೆಸರಿಟ್ಟರು. ಆ ಕಾಲದಲ್ಲಿ ಕಾನ್ಸುಲ್ ಎಂಬುದು ಜನರಿಗೆ ಆಟ ತೋರಿಸುತ್ತಿದ್ದ ಚಿಂಪಾಂಜಿಯ ಹೆಸರು. ಕಾನ್ಸುಲ್‌ಗಿಂತ ಮುಂಚಿನದು ಎಂದು ಈ ಹೆಸರಿನ ಅರ್ಥ. ಆದರೆ ದವಡೆಯಿಂದ ಮುಖ ತಿಳಿಯುವುದಿಲ್ಲ. ಅಷ್ಟು ಹಳೆಯ ಯಾವ ವಾನರದ ತಲೆಬುರುಡೆಯೂ ಆವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ವಿಕ್ಟೋರಿಯಾ ಸರೋವರದಲ್ಲಿ ರುಸಿಂಗಾ ಎಂಬ ದ್ವೀಪವಿದೆ. ಹತ್ತಿರದ ಜ್ವಾಲಾಮುಖಿಯೊಂದು ಬಹಳ ಹಿಂದೆ ಉಗುಳಿದ ಬೂದಿ ಅಲ್ಲಿನ ಪ್ರಾಣಿ, ಕಾಯಿ, ಬೀಜ, ಹುಳುಗಳನ್ನೂ ಮುಚ್ಚಿ ಕಾಪಾಡಿದೆ. ಮಳೆಗೆ ಇಳಿಜಾರು ಕೊಚ್ಚಿಹೋದಂತೆ ಹಳೆಯ ಮೂಳೆಗಳು ಹೊರಗೆ ಕಾಣುತ್ತವೆ. 1948ರ ಅಕ್ಟೋಬರ್ 2ರಂದು ಲೂಯಿ ಅಲ್ಲಿ ಒಂದು ಮೊಸಳೆಯ ಪಳೆಯುಳಿಕೆ ಬಿಡಿಸುವುದರಲ್ಲಿ ಮುಳುಗಿದ್ದರು. ಮೇರಿಗೆ ಮೊಸಳೆಗಳಲ್ಲಿ ಅಂಥ ಆಸಕ್ತಿ ಇರಲಿಲ್ಲ. ಅವರು ಇಳಿಜಾರಿನಲ್ಲಿ ಒಬ್ಬರೇ ಹುಡುಕುತ್ತ ಹೋದರು. ನೆಲದ ಮೇಲೆ ಮೂಳೆಯ ಚೂರುಗಳು ಕಂಡವು, ಮೇಲಕ್ಕೆ ನೋಡಿದರೆ ಮಣ್ಣಿನಿಂದ ಒಂದು ಹಲ್ಲು ಇಣುಕುತ್ತಿತ್ತು. ಕೂಗಿ ಕರೆದರು. ಲೂಯಿ ಮೊಸಳೆಯನ್ನು ಅಲ್ಲೇ ಬಿಟ್ಟು ಓಡಿ ಬಂದರು.

ಸಿಕ್ಕಿದ್ದು ಇಡೀ ತಲೆಬುರುಡೆಯಲ್ಲ, ಮೂವತ್ತಕ್ಕೂ ಹೆಚ್ಚು ಚೂರುಗಳು. ಮಣ್ಣನ್ನು ಜರಡಿ ಹಿಡಿದು ಒಂದೊಂದನ್ನೂ ಆಯ್ದರು. ಜೋಡಿಸುವ ಕೆಲಸ ಮೇರಿಯದು. ಯಾವ ಅಂಚು ಯಾವ ಅಂಚಿಗೆ ಕೂರುತ್ತದೆ, ಯಾವ ಬಾಗು ಹಣೆಯದು, ಯಾವುದು ಕಣ್ಣಿನ ಗುಳಿಯದು ಎಂದು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಅಂಟಿಸುತ್ತ ಹೋದರು. ಕೊನೆಗೆ ಅವರ ಮುಂದೆ ಸುಮಾರು 1.8 ಕೋಟಿ ವರ್ಷಗಳ ಹಿಂದಿನ ಒಂದು ಮುಖ ಬಂದು ಕೂತಿತು. ಅದನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇರಿ ಲಂಡನ್ನಿಗೆ ವಿಮಾನದಲ್ಲಿ ಹೋದರು. ಇಳಿದಾಗ ಪತ್ರಕರ್ತರ ಗುಂಪೇ ಕಾದಿತ್ತು. ಗದ್ದಲ ಇಷ್ಟಪಡದ ಮೇರಿಗೆ ಅದೊಂದು ಶಿಕ್ಷೆ. ತಲೆಬುರುಡೆ ಆಕ್ಸ್‌ಫರ್ಡಿನ ಅಂಗರಚನಾ ಶಾಸ್ತ್ರಜ್ಞ ಲೆ ಗ್ರೋ ಕ್ಲಾರ್ಕ್ ಅವರ ಮೇಜು ಸೇರಿತು. ಅವರೂ ಲೂಯಿಯೂ ಸೇರಿ 1951ರಲ್ಲಿ ಅದರ ವಿವರವಾದ ವರದಿ ಪ್ರಕಟಿಸಿದರು.

ಆ ತಲೆಬುರುಡೆ ಏನು ಹೇಳಿತು? ಒಂದೊಂದೇ ಭಾಗ ನೋಡೋಣ.

ಮೊದಲು ಹಲ್ಲು. ಮಂಗಗಳ ಕೆಳ ದವಡೆಹಲ್ಲಿನ ಮೇಲೆ ಅಡ್ಡಡ್ಡವಾಗಿ ಎರಡು ಏಣುಗಳಿರುತ್ತವೆ. ವಾನರಗಳಲ್ಲಿ, ನಮ್ಮಲ್ಲೂ, ಐದು ಗುಬುಟುಗಳಿದ್ದು ಅವುಗಳ ನಡುವಿನ ಗೀರು ಇಂಗ್ಲಿಷಿನ ವೈ ಅಕ್ಷರದಂತೆ ಕಾಣುತ್ತದೆ. ಪ್ರೊಕಾನ್ಸುಲ್ ಹಲ್ಲಿನಲ್ಲಿ ಇರುವುದು ಈ ಎರಡನೆಯ ವಿನ್ಯಾಸ. ಅಂದರೆ ಅದು ವಾನರದ ಕಡೆಯದು.

ಎರಡನೆಯದು ಹಣೆ. ಚಿಂಪಾಂಜಿ, ಗೊರಿಲ್ಲಾಗಳ ಕಣ್ಣಿನ ಮೇಲೆ ಮಾಡಿನ ಅಂಚಿನಂತೆ ದಪ್ಪ ಮೂಳೆಯ ದಿಬ್ಬವಿದೆ. ಪ್ರೊಕಾನ್ಸುಲ್‌ಗೆ ಅದು ಇಲ್ಲ. ಹಣೆ ನಯವಾಗಿ ದುಂಡಗಿದೆ, ಇಡೀ ಬುರುಡೆ ಹಗುರವಾಗಿದೆ.

ಮೂರನೆಯದು ಕೆಳದವಡೆ. ಇಂದಿನ ಮಹಾವಾನರಗಳಲ್ಲಿ ದವಡೆಯ ಮುಂಭಾಗದ ಒಳಗಡೆ ಗೂಡಿನ ಹಲಗೆಯಂತೆ ಒಂದು ಮೂಳೆ ಚಾಚಿಕೊಂಡಿರುತ್ತದೆ. ಪ್ರೊಕಾನ್ಸುಲ್‌ನಲ್ಲಿ ಅದೂ ಇಲ್ಲ.

ನಾಲ್ಕನೆಯದು ಸೈನಸ್. ನೆಗಡಿಯಾದಾಗ ನಮ್ಮ ಹಣೆ ಭಾರವಾಗಿ ನೋಯುವುದು ಅಲ್ಲಿನ ಮೂಳೆಯೊಳಗೆ ಗಾಳಿಯ ಪೊಳ್ಳು ಇರುವುದರಿಂದ. ಈ ಹಣೆಯ ಸೈನಸ್ ಚಿಂಪಾಂಜಿ, ಗೊರಿಲ್ಲಾಗಳಲ್ಲೂ ಇದೆ. ಒರಾಂಗುಟಾನ್‌ನಲ್ಲಿ ಇಲ್ಲ, ನಮ್ಮ ಕೋತಿಯಲ್ಲೂ ಇಲ್ಲ. ಪ್ರೊಕಾನ್ಸುಲ್‌ನಲ್ಲಿ ಇದೆ!

ಐದನೆಯದು ಮಿದುಳಿನ ಜಾಗ. ಇದರ ಕಥೆ ಸ್ವಾರಸ್ಯಕರ. ಮೇರಿ ಜೋಡಿಸಿದ ಬುರುಡೆಯಲ್ಲಿ ಹಿಂಭಾಗದ ಮೂಳೆಗಳು ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಸಂಗ್ರಹಾಲಯದಲ್ಲಿ ಆಮೆಯ ಪಳೆಯುಳಿಕೆಗಳ ನಡುವೆ ಬಿದ್ದಿದ್ದ ಚೂರುಗಳು ಇದೇ ಬುರುಡೆಗೆ ಸೇರಿದವು ಎಂದು ಗೊತ್ತಾಯಿತು. ಅವನ್ನು ಸೇರಿಸಿ ಲೆಕ್ಕ ಹಾಕಿದ ಆಲನ್ ವಾಕರ್ ಮತ್ತು ಸಂಗಡಿಗರು 1983ರಲ್ಲಿ ಮಿದುಳಿನ ಗಾತ್ರ ಸುಮಾರು 167 ಘನ ಸೆಂಟಿಮೀಟರ್ ಎಂದು ಅಂದಾಜಿಸಿದರು. ಇದು ನಮ್ಮ ಮಿದುಳಿನ ಎಂಟನೆಯ ಒಂದು ಭಾಗದಷ್ಟು. ಆದರೆ ಈ ಪ್ರಾಣಿಯ ತೂಕವೇ ಸುಮಾರು ಹತ್ತು ಕಿಲೋ. ಅಷ್ಟೇ ತೂಕದ ಮಂಗಕ್ಕೆ ಹೋಲಿಸಿದರೆ ಇದರ ಮಿದುಳು ದೊಡ್ಡದು. ರುಸಿಂಗಾದಲ್ಲಿ ಆಮೇಲೆ ಸಿಕ್ಕ ದೇಹದ ಮೂಳೆಗಳು ಇದಕ್ಕೆ ಬಾಲ ಇರಲಿಲ್ಲ ಎಂದು ತೋರಿಸಿದವು. ಆದರೂ ಇದು ಚಿಂಪಾಂಜಿಯಂತೆ ಕೊಂಬೆಗೆ ಜೋತುಬೀಳುತ್ತಿರಲಿಲ್ಲ, ನಾಲ್ಕೂ ಕಾಲೂರಿ ಕೊಂಬೆಯ ಮೇಲೆ ನಡೆಯುತ್ತಿತ್ತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅರ್ಥವಾದದ್ದು ಇದು. ಇಂದಿನ ಮಹಾವಾನರಗಳನ್ನು ನಾವು ಹಳೆಯ ಕಾಲದಲ್ಲೇ ನಿಂತುಹೋದ ಪ್ರಾಣಿಗಳು ಎಂದುಕೊಂಡಿದ್ದೇವೆ. ಮನುಷ್ಯ ಮಾತ್ರ ಬದಲಾದ, ಚಿಂಪಾಂಜಿ ಹಾಗೇ ಉಳಿಯಿತು ಎಂಬ ಭಾವನೆ. ರುಸಿಂಗಾದ ತಲೆಬುರುಡೆ ಅದನ್ನು ಸುಳ್ಳು ಮಾಡುತ್ತದೆ. ಹುಬ್ಬಿನ ದಿಬ್ಬ, ದವಡೆಯೊಳಗಿನ ಹಲಗೆ ಇವೆಲ್ಲ ಆಮೇಲೆ ಬಂದವು. ಚಿಂಪಾಂಜಿಯೂ ಬದಲಾಗಿದೆ, ಗೊರಿಲ್ಲಾವೂ ಬದಲಾಗಿದೆ, ಒರಾಂಗುಟಾನ್ ಸೈನಸ್ಸನ್ನೇ ಕಳೆದುಕೊಂಡಿದೆ. ಇಂದಿನ ಚಿಂಪಾಂಜಿ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಒಬ್ಬ ಮುತ್ತಜ್ಜನ ವಂಶ ಎರಡು ಊರುಗಳಲ್ಲಿ ಬೆಳೆದ ಮೇಲೆ, ನೀವು ಇರುವಾಗ ಆ ಊರಿನವರು ಇನ್ನೂ ಯಾಕೆ ಇದ್ದಾರೆ ಎಂದು ಯಾರಾದರೂ ಕೇಳುತ್ತಾರೆಯೇ? ಮಂಗಗಳು ಇನ್ನೂ ಯಾಕೆ ಇವೆ ಎಂಬ ಪ್ರಶ್ನೆಯೂ ಹಾಗೆಯೇ. ಮಂಗಗಳ ಕವಲು ಇನ್ನೂ ಹಿಂದಕ್ಕೆ, ಪ್ರೊಕಾನ್ಸುಲ್‌ಗಿಂತಲೂ ಮೊದಲೇ ಬೇರೆಯಾಗಿತ್ತು.

ಇನ್ನೊಂದು ಸೂಕ್ಷ್ಮವೂ ಇದೆ. ದವಡೆಯಲ್ಲಿ ಹಲಗೆ ಇಲ್ಲ, ಹುಬ್ಬಿನ ದಿಬ್ಬ ಇಲ್ಲ, ಮನುಷ್ಯನಿಗೂ ಇಲ್ಲ; ಆದ್ದರಿಂದ ಇದು ಮನುಷ್ಯನಿಗೇ ಹತ್ತಿರ ಎಂದು ತೀರ್ಮಾನಿಸುವುದು ಸುಲಭ. ಹಾಗೆ ತೀರ್ಮಾನಿಸುವಂತಿಲ್ಲ. ಎಲ್ಲರಿಗೂ ಹಿರಿಯರಿಂದ ಬಂದ ಲಕ್ಷಣ ಹತ್ತಿರದ ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಹೊಸದಾಗಿ ಹುಟ್ಟಿ, ಇಬ್ಬರಲ್ಲಿ ಮಾತ್ರ ಕಾಣುವ ಲಕ್ಷಣವೇ ಸಾಕ್ಷಿ. ಹೀಗಾಗಿ ವಿಜ್ಞಾನಿಗಳು ಪ್ರೊಕಾನ್ಸುಲ್ ಅನ್ನು ಮನುಷ್ಯನ ಪಕ್ಕದಲ್ಲಲ್ಲ, ಮಹಾವಾನರಗಳ ಕೊಂಬೆಗಳು ಒಡೆಯುವ ಮೊದಲಿನ ಕಾಂಡದ ಹತ್ತಿರ ಇಡುತ್ತಾರೆ.

ಈ ಮಾತಿಗೆ ನಮ್ಮ ಉಪಖಂಡದಲ್ಲೇ ಒಂದು ಉದಾಹರಣೆ ಇದೆ. ನಮ್ಮ ಪಠ್ಯದ ರಾಮಾಪಿಥೆಕಸ್ ಸಿಕ್ಕಿದ್ದು ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ, ಇಂದಿನ ಹಿಮಾಚಲ ಪ್ರದೇಶದ ಹರಿತಲ್ಯಾಂಗರ್‌ನಲ್ಲಿ, 1932ರಲ್ಲಿ. ಸಿಕ್ಕಿದ್ದು ಮೇಲ್ದವಡೆಯ ತುಂಡು ಮಾತ್ರ. ಅಂಥ ತುಂಡುಗಳ ಆಧಾರದಿಂದಲೇ ಬಹಳ ಕಾಲ ಅದನ್ನು ಮನುಷ್ಯನ ಪೂರ್ವಜ ಎಂದು ನಂಬಲಾಗಿತ್ತು. ಮುಂದೆ ಡೇವಿಡ್ ಪಿಲ್‌ಬೀಮ್ ಅವರ ತಂಡಕ್ಕೆ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಶಿವಾಪಿಥೆಕಸ್ ಎಂಬ ವಾನರದ ಮುಖವೇ ಸಿಕ್ಕಿತು. 1982ರಲ್ಲಿ ಅದರ ವಿವರ ಪ್ರಕಟವಾಯಿತು. ಎತ್ತರವಾದ ಅಂಡಾಕಾರದ ಕಣ್ಣಿನ ಗುಳಿಗಳು, ಅವುಗಳ ನಡುವೆ ಕಿರಿದಾದ ಜಾಗ, ಒಳಕ್ಕೆ ಬಾಗಿದ ಮುಖ: ನೋಡಿದವರಿಗೆಲ್ಲ ಒರಾಂಗುಟಾನ್ ನೆನಪಾಯಿತು. ರಾಮಾಪಿಥೆಕಸ್ ಎಂದು ಕರೆದದ್ದೂ ಶಿವಾಪಿಥೆಕಸ್ಸೇ ಎಂದು ಈಗ ಒಪ್ಪಿದ್ದಾರೆ. ದವಡೆಯ ತುಂಡು ಹೇಳಿದ ಕಥೆಯನ್ನು ಇಡೀ ಮುಖ ಬದಲಿಸಿತು. ಪರೀಕ್ಷೆಯಲ್ಲಿ ಪಠ್ಯದಲ್ಲಿದ್ದಂತೆಯೇ ಬರೆಯೋಣ, ಆದರೆ ವಿಷಯ ಮುಂದಕ್ಕೆ ಹೋಗಿದೆ ಎಂಬುದೂ ತಿಳಿದಿರಲಿ.

ರುಸಿಂಗಾದ ಆ ಪ್ರಾಣಿಯ ಹೆಸರೂ ಬದಲಾಗಿದೆ. 1993ರಲ್ಲಿ ಅದಕ್ಕೆ ಹೆಸೆಲೋನಿ ಎಂಬ ಪ್ರಭೇದದ ಹೆಸರು ಬಂತು. ಲೀಕಿ ದಂಪತಿಗಳ ಜೊತೆ ವರ್ಷಗಟ್ಟಲೆ ಮಣ್ಣು ಅಗೆದು ಮೂಳೆ ಹುಡುಕಿದ ಕೀನ್ಯಾದ ಹೆಸೆಲೋನ್ ಮುಕಿರಿ ಅವರ ನೆನಪಿಗೆ ಇಟ್ಟ ಹೆಸರು ಅದು. 2015ರಲ್ಲಿ ಕುಲದ ಹೆಸರೂ ಬದಲಾಗಿ ಈಗ ಅದನ್ನು ಎಕೆಂಬೊ ಹೆಸೆಲೋನಿ ಎನ್ನುತ್ತಾರೆ. ಲಂಡನ್ನಿಗೆ ಎರವಲಾಗಿ ಹೋಗಿದ್ದ ತಲೆಬುರುಡೆ ಕೀನ್ಯಾಕ್ಕೆ ಮರಳಿದೆ.

ಮೇರಿಯ ಮುಂದಿನ ಸಾಧನೆಗಳು ಇದಕ್ಕಿಂತ ಹೆಚ್ಚು ಪ್ರಸಿದ್ಧ. 1959ರ ಜುಲೈ 17ರಂದು ಟಾಂಜಾನಿಯಾದ ಓಲ್ಡುವಾಯ್ ಕಣಿವೆಯಲ್ಲಿ, ಲೂಯಿ ಜ್ವರದಿಂದ ಗುಡಾರದಲ್ಲಿ ಮಲಗಿದ್ದಾಗ, ಮೇರಿ ತಮ್ಮ ನಾಯಿಗಳೊಂದಿಗೆ ಹೊರಟು ಸುಮಾರು 17.5 ಲಕ್ಷ ವರ್ಷಗಳ ಹಿಂದಿನ, ಭಾರಿ ದವಡೆಹಲ್ಲುಗಳ ಒಂದು ತಲೆಬುರುಡೆ ಕಂಡುಹಿಡಿದರು. ಅದೂ ನೂರಾರು ಚೂರಾಗಿತ್ತು, ಅದನ್ನೂ ಅವರೇ ಜೋಡಿಸಿದರು. ಲೂಯಿ 1972ರಲ್ಲಿ ತೀರಿಕೊಂಡ ಮೇಲೆ ಮೇರಿ ಲೇಟೋಲಿ ಎಂಬಲ್ಲಿ ಕೆಲಸ ಮುಂದುವರಿಸಿದರು. 1976ರಲ್ಲಿ ಅಲ್ಲಿಗೆ ಬಂದಿದ್ದ ವಿಜ್ಞಾನಿಗಳು ತಮಾಷೆಗೆ ಒಣಗಿದ ಆನೆಲದ್ದಿ ಎಸೆದಾಡುತ್ತಿದ್ದಾಗ ಒಬ್ಬರು ಜಾರಿ ಬಿದ್ದರು. ಬಿದ್ದವರ ಮೂಗಿನ ಕೆಳಗೇ ಗಟ್ಟಿಯಾದ ಬೂದಿಯಲ್ಲಿ ಪ್ರಾಣಿಗಳ ಹೆಜ್ಜೆಗುರುತು ಕಂಡಿತು. ಎರಡು ವರ್ಷಗಳ ನಂತರ ಅಲ್ಲೇ ಎರಡು ಕಾಲಿನಲ್ಲಿ ನಡೆದವರ ಹೆಜ್ಜೆಸಾಲು ಸಿಕ್ಕಿತು. ಅದರ ವಯಸ್ಸು ಸುಮಾರು 36 ಲಕ್ಷ ವರ್ಷ.

ಅವರ ಸ್ವಭಾವದ ಒಂದು ಗುಣ ನನಗೆ ಬಹಳ ಹಿಡಿಸಿತು. ಹೊಸ ಹೆಸರು, ದೊಡ್ಡ ಸಿದ್ಧಾಂತ, ಪತ್ರಿಕೆಯ ಶೀರ್ಷಿಕೆ ಇವುಗಳ ಆಸೆ ಅವರಿಗಿರಲಿಲ್ಲ. ಲೇಟೋಲಿಯ ಪಳೆಯುಳಿಕೆಗಳನ್ನೂ ಇಥಿಯೋಪಿಯಾದವನ್ನೂ ಸೇರಿಸಿ ಒಂದೇ ಹೊಸ ಪ್ರಭೇದ ಎಂದು 1978ರಲ್ಲಿ ಬೇರೆಯವರು ಪ್ರಬಂಧ ಸಿದ್ಧಪಡಿಸಿದಾಗ, ಒಪ್ಪಿಗೆಯಾಗದ ಮಾತಿಗೆ ತಮ್ಮ ಹೆಸರು ಬೇಡ ಎಂದು ಲೇಖಕರ ಪಟ್ಟಿಯಿಂದ ತೆಗೆಸಿದರು. ಕೀರ್ತಿ ತಾನಾಗಿ ಬರುತ್ತಿರುವಾಗ ಹಾಗೆ ಹಿಂದೆ ಸರಿಯುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಅರ್ಜಿ ಹಾಕುವುದೇ ವ್ಯರ್ಥ ಎಂದಿದ್ದ ಆಕ್ಸ್‌ಫರ್ಡ್ 1981ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮರುವರ್ಷ ಅವರ ಒಂದು ಕಣ್ಣಿನ ದೃಷ್ಟಿ ಹೋಯಿತು. ಆದರೂ ಬರೆಯುವುದನ್ನು ಬಿಡಲಿಲ್ಲ, ಟಾಂಜಾನಿಯಾದ ಬಂಡೆಗಳ ಮೇಲಿನ ಪ್ರಾಚೀನ ಚಿತ್ರಗಳನ್ನು ತಾವು ನಕಲು ಮಾಡಿದ್ದನ್ನು ಪುಸ್ತಕವಾಗಿ ತಂದರು. 1996ರ ಡಿಸೆಂಬರ್ 9ರಂದು, 83ನೆಯ ವಯಸ್ಸಿನಲ್ಲಿ, ನೈರೋಬಿಯಲ್ಲಿ ನಿಧನರಾದರು.

ಮೇರಿ ಪರೀಕ್ಷೆ ಪಾಸಾಗಲಿಲ್ಲ, ಆದ್ದರಿಂದ ನಾವೂ ಓದಬೇಕಿಲ್ಲ ಎಂದು ಯಾರೂ ತಿಳಿಯಬೇಡಿ. ಅವರು ನಮ್ಮೆಲ್ಲರಿಗಿಂತ ಹೆಚ್ಚು ಓದಿದರು, ಕಲ್ಲು ಮತ್ತು ಮೂಳೆಗಳನ್ನು ಓದಿದರು. ನಮ್ಮ ತರಗತಿಯಲ್ಲೇ ಮದುವೆ ಮನೆಗಳಲ್ಲಿ ಅಳತೆ ತಪ್ಪದೆ ಮೆಹಂದಿ ಬಿಡಿಸುವ ಹುಡುಗಿಯರಿದ್ದಾರೆ, ಗಾಡಿಯ ಇಂಜಿನ್ ಬಿಚ್ಚಿ ಜೋಡಿಸುವ ಹುಡುಗರಿದ್ದಾರೆ. ಜೀವಶಾಸ್ತ್ರದ ರೆಕಾರ್ಡಿನಲ್ಲಿ ಮಾತ್ರ ಪಕ್ಕದವರ ಚಿತ್ರ ನೋಡಿ ನಕಲು ಮಾಡುತ್ತಾರೆ! ಆ ಕೈಗಳಿಗೆ ವಿಜ್ಞಾನದಲ್ಲೂ ಕೆಲಸವಿದೆ. ಮುಂದಿನ ಪ್ರಾಕ್ಟಿಕಲ್‌ನಲ್ಲಿ ಪ್ರಯೋಗಾಲಯದ ತಲೆಬುರುಡೆಯ ಮಾದರಿಯನ್ನು ಕೆಳಗಿಳಿಸಿ, ಕಣ್ಣಿನ ಗುಳಿ, ಹುಬ್ಬು, ದವಡೆ, ಹಲ್ಲು ಒಂದೊಂದನ್ನೂ ನೋಡಿ, ಪುಸ್ತಕ ಮುಚ್ಚಿಟ್ಟು ಬಿಡಿಸಲು ನಾನು ನಿರ್ಧರಿಸಿದ್ದೇನೆ. ಜೊತೆಗೆ ಬರುವವರು ಪೆನ್ಸಿಲ್ ತನ್ನಿ.